ಹಳೆಯ ಸಚಿತ್ರ ಯುರೋಪಿಯನ್ ಜನಪದ ಕಥಾಪುಸ್ತಕಗಳು: ಕೊಳ್ಳುವ ಮುನ್ನ ಏನು ನೋಡಬೇಕು, ಕೊಂಡ ಮೇಲೆ ಹೇಗೆ ಉಳಿಸಬೇಕು

ಹಳೆಪುಟ (ಚರ್ಚೆ ಆರಂಭ)

1900ರಿಂದ 1925ರ ನಡುವೆ ಲಂಡನ್ನಿನಲ್ಲಿ ಅಚ್ಚಾದ ಸಚಿತ್ರ ಕಥಾಪುಸ್ತಕಗಳನ್ನು ಕೊಳ್ಳಹೊರಟವರು ಮೊದಲು ಕೇಳುವುದು "ಇದು ಮೊದಲ ಮುದ್ರಣವೇ?" ಅಂತ. ಅದು ಎರಡನೇ ಪ್ರಶ್ನೆ ಆಗಬೇಕು. ಮೊದಲನೆಯದು: "ಚಿತ್ರಗಳೆಲ್ಲ ಇವೆಯೇ?"

ಕಾರಣ ಆ ಪುಸ್ತಕಗಳನ್ನು ಕಟ್ಟಿರುವ ರೀತಿಯಲ್ಲೇ ಇದೆ. ಕಥೆಯ ಹಾಳೆಗಳನ್ನು ಫಾರಂ ಫಾರಂ ಆಗಿ ಮಡಚಿ ದಾರದಲ್ಲಿ ಹೊಲಿದಿರುತ್ತಾರೆ, ಅವು ಸುಲಭಕ್ಕೆ ಕಳಚುವುದಿಲ್ಲ. ಬಣ್ಣದ ಚಿತ್ರಗಳನ್ನು ಮಾತ್ರ ಬೇರೆಯಾಗಿ ಹೊಳಪಿನ ಆರ್ಟ್ ಪೇಪರಿನಲ್ಲಿ ಅಚ್ಚು ಹಾಕಿ, ಕಂದು ಅಥವಾ ಬೂದು ಬಣ್ಣದ ದಪ್ಪ ಹಾಳೆಯ ಮೇಲೆ ಮೇಲಂಚಿಗೆ ಮಾತ್ರ ಗೋಂದು ಸವರಿ ಅಂಟಿಸಿರುತ್ತಾರೆ. ನೂರು ವರ್ಷದಲ್ಲಿ ಆ ಗೋಂದು ಒಣಗಿ ಪುಡಿಯಾಗುತ್ತದೆ, ಚಿತ್ರ ಉದುರುತ್ತದೆ. ಉದುರದಿದ್ದರೆ ಚೌಕಟ್ಟು ಹಾಕಿಸಲು ಯಾರಾದರೂ ಕಿತ್ತಿರುತ್ತಾರೆ.

ಆದ್ದರಿಂದ ಎಷ್ಟು ಇರಬೇಕು ಎಂಬ ಲೆಕ್ಕ ಕೈಯಲ್ಲಿರಬೇಕು. ಆರ್ಥರ್ ರ್‍ಯಾಕ್‌ಹ್ಯಾಮ್ ಚಿತ್ರಿಸಿದ, ಜರ್ಮನಿಯ ಗ್ರಿಮ್ ಸೋದರರ ಕಥೆಗಳು, ಕಾನ್‌ಸ್ಟೇಬಲ್ ಪ್ರಕಾಶನ, 1909: ಬಣ್ಣದ ಚಿತ್ರ 40. ಎಡ್ಮಂಡ್ ಡ್ಯುಲಾಕ್‌ನ ಆಂಡರ್ಸನ್ ಕಥೆಗಳು, ಹಾಡರ್ ಅಂಡ್ ಸ್ಟೌಟನ್, 1911: 28. ಕೇ ನೀಲ್ಸನ್ ಚಿತ್ರಿಸಿದ ನಾರ್ವೆಯ ಕಥೆಗಳು 'ಈಸ್ಟ್ ಆಫ್ ದ ಸನ್ ಅಂಡ್ ವೆಸ್ಟ್ ಆಫ್ ದ ಮೂನ್', ಅದೇ ಪ್ರಕಾಶನ, 1914: 25. ರ್‍ಯಾಕ್‌ಹ್ಯಾಮ್‌ನದೇ 'ಇಂಗ್ಲಿಷ್ ಫೇರಿ ಟೇಲ್ಸ್' (1918), 'ಐರಿಷ್ ಫೇರಿ ಟೇಲ್ಸ್' (1920), ಎರಡೂ ಮ್ಯಾಕ್‌ಮಿಲನ್: ತಲಾ 16. ಇಂಗ್ಲಿಷ್ ಕಥೆಗಳನ್ನು ಬರೆದುಕೊಟ್ಟ ಫ್ಲೋರಾ ಆನಿ ಸ್ಟೀಲ್ ಪಂಜಾಬಿನಲ್ಲಿ ಎಷ್ಟೋ ವರ್ಷ ಇದ್ದು ಅಲ್ಲಿನ ಜನಪದ ಕಥೆಗಳನ್ನೂ ಸಂಗ್ರಹಿಸಿದಾಕೆ ಎಂಬುದು ನಮ್ಮವರಿಗೆ ತಿಳಿದಿರಲಿ.

ಮಾರುವವರನ್ನು ಕೇಳಬೇಕಾದದ್ದು ಇಷ್ಟು. ಚಿತ್ರಸೂಚಿ ಪುಟದ ಫೋಟೋ. ಪ್ರತಿ ಚಿತ್ರವೂ ಎದುರಿನ ಪುಟಸಂಖ್ಯೆಯ ಸಮೇತ ಕಾಣುವಂತೆ ಫೋಟೋ. ಶೀರ್ಷಿಕೆ ಪುಟದ ಎದುರಿನ ಮೊದಲ ಚಿತ್ರವನ್ನು ಪ್ರತ್ಯೇಕವಾಗಿ ಕೇಳಿ, ಹೆಚ್ಚು ಕಾಣೆಯಾಗುವುದು ಅದೇ. "ಎಲ್ಲ ಚಿತ್ರಗಳೂ ಇದ್ದಂತಿದೆ" ಎಂದು ಬರೆದರೆ ಎಣಿಸಿಲ್ಲ ಎಂದೇ ಅರ್ಥ.

ನೀಲಿಬೈಂಡು

ಚಿತ್ರ ಇಲ್ಲದ ಜಾಗವನ್ನು ಫೋಟೋದಲ್ಲೇ ಹಿಡಿಯಲು ಮೂರು ಗುರುತು. ಕಂದು ಹಾಳೆಯ ಮೇಲ್ಭಾಗದಲ್ಲಿ ಒಣಗಿದ ಗೋಂದಿನ ಅಡ್ಡಗೆರೆ, ಅದರ ಕೆಳಗೆ ಚಿತ್ರದ ಅಳತೆಯಷ್ಟೇ ಚೌಕ ಸುತ್ತಲಿಗಿಂತ ಗಾಢ ಬಣ್ಣದಲ್ಲಿ ಉಳಿದಿರುತ್ತದೆ, ಬೆಳಕು ತಾಗದೆ. ಎರಡನೆಯದು, ಚಿತ್ರದ ಹೆಸರು ಅಚ್ಚಾದ ತೆಳು ರಕ್ಷಾಹಾಳೆ ಇದೆ, ಹಿಂದೆ ಚಿತ್ರವಿಲ್ಲ. ಮೂರನೆಯದು, ಎದುರು ಪುಟದ ಅಕ್ಷರಗಳ ಮೇಲೆ ತೆಳು ಹಳದಿ ನೆರಳು, ಅಲ್ಲಿ ಹಿಂದೆ ಏನೋ ಒತ್ತಿಕೊಂಡಿತ್ತು ಎಂಬುದಕ್ಕೆ ಸಾಕ್ಷಿ.

1909ರ ಗ್ರಿಮ್ ಬೇಕು, ಬೆಲೆ ಎಟುಕುವುದಿಲ್ಲ ಎನ್ನುವವರಿಗೆ ಒಂದು ದಾರಿ ಇದೆ. ಕಾನ್‌ಸ್ಟೇಬಲ್‌ನವರು 1920ರಲ್ಲಿ ಅದೇ ಪುಸ್ತಕವನ್ನು 'ಹಾನ್ಸೆಲ್ ಅಂಡ್ ಗ್ರೇಟೆಲ್', 'ಸ್ನೋಡ್ರಾಪ್' ಎಂದು ಎರಡಾಗಿ ಒಡೆದು ತಂದರು. ತಲಾ 20 ಬಣ್ಣದ ಚಿತ್ರ. ಎರಡನ್ನೂ ಸೇರಿಸಿದರೆ ನಲವತ್ತೂ ಬಂತು. ಸಂಗ್ರಾಹಕರು 1909ರ ಹಿಂದೆಯೇ ಓಡುವುದರಿಂದ ಇವು ಅಗ್ಗ.

ಮಸಿಕುಡಿಕೆ

ಹಳೆಪುಟ ಅವರು ಕೊಟ್ಟ ಇಸವಿಗಳಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಹಾಡರ್ ಅಂಡ್ ಸ್ಟೌಟನ್‌ನವರ ಈ ಉಡುಗೊರೆ ಪುಸ್ತಕಗಳ ಶೀರ್ಷಿಕೆ ಪುಟದಲ್ಲಿ ಸಾಮಾನ್ಯವಾಗಿ ಇಸವಿಯೇ ಇರುವುದಿಲ್ಲ. ನೀಲ್ಸನ್ ಪುಸ್ತಕದ್ದು 1914 ಎನ್ನುವುದು ನಮಗೆ ಬೇರೆ ದಾಖಲೆಯಿಂದ ಗೊತ್ತು. ಹಾಗಾಗಿ ಇಸವಿ ಇಲ್ಲದ ಪ್ರತಿಯನ್ನೆಲ್ಲ "ಮೊದಲ ಮುದ್ರಣ" ಎಂದು ಮಾರುತ್ತಾರೆ. ನಂತರದ ಮರುಮುದ್ರಣಗಳಲ್ಲಿ ಎಷ್ಟೋ ಸಲ ಚಿತ್ರಗಳ ಸಂಖ್ಯೆ ಕಡಿಮೆ, ಅಳತೆ ಚಿಕ್ಕದು, ಚಿತ್ರಗಳನ್ನು ದಪ್ಪ ಹಾಳೆಗೆ ಅಂಟಿಸದೆ ನೇರವಾಗಿ ಪುಟವಾಗಿಯೇ ಸೇರಿಸಿರುತ್ತಾರೆ. ಇಲ್ಲೂ ಎಣಿಕೆಯೇ ಕಾಪಾಡುವುದು.

ಆಂಡ್ರ್ಯೂ ಲ್ಯಾಂಗ್‌ನ, ಒಂದೊಂದಕ್ಕೂ ಒಂದು ಬಣ್ಣದ ಹೆಸರಿರುವ ಹನ್ನೆರಡು ಕಥಾಪುಸ್ತಕಗಳ ಮಾತು ಬೇರೆ. ಅಲ್ಲಿ ಇಸವಿ ಸ್ಪಷ್ಟ. ಲಾಂಗ್‌ಮನ್ಸ್, ಗ್ರೀನ್ ಪ್ರಕಾಶನ. ನೀಲಿ 1889, ಕೆಂಪು 1890, ಹಸಿರು 1892, ಹಳದಿ 1894, ಗುಲಾಬಿ 1897, ಬೂದು 1900, ನೇರಳೆ 1901, ಕಡುಗೆಂಪು 1903, ಕಂದು 1904, ಕಿತ್ತಳೆ 1906, ಆಲಿವ್ 1907, ಲೈಲಾಕ್ 1910. ಚಿತ್ರಕಾರ ಎಚ್. ಜೆ. ಫೋರ್ಡ್, ನೀಲಿಯಲ್ಲಿ ಜೇಕಂಬ್ ಹುಡ್, ಕೆಂಪಿನಲ್ಲಿ ಲ್ಯಾನ್ಸ್‌ಲಾಟ್ ಸ್ಪೀಡ್ ಜತೆಗೂಡಿದ್ದಾರೆ. ಬಣ್ಣದ ಚಿತ್ರಗಳು ಶುರುವಾಗುವುದು 1901ರ ನೇರಳೆಯಿಂದ. ಅದಕ್ಕೂ ಹಿಂದಿನ ಪುಸ್ತಕದಲ್ಲಿ ಬಣ್ಣದ ಚಿತ್ರ ಕಂಡರೆ ಅದು ಮಗುವಿನ ಕೈಚಳಕ, ಇಲ್ಲವೇ ಬಹಳ ಆಮೇಲಿನ ಮುದ್ರಣ. ಲ್ಯಾಂಗ್ ಹೆಸರಿನಲ್ಲಿ ಬಂದ ಕಥೆಗಳ ಅನುವಾದದ ಬಹುಪಾಲು ಕೆಲಸ ಅವನ ಹೆಂಡತಿ ಲಿಯೊನೊರಾ ಬ್ಲಾಂಚ್ ಮಾಡಿದ್ದು. ಈ ಸಾಲು ಹೇಳದೆ ಆ ಪುಸ್ತಕಗಳ ಮಾತು ಆಡಬಾರದು ಎಂಬುದು ನನ್ನ ಅಭಿಪ್ರಾಯ.

ಈ ಸರಣಿಯಲ್ಲಿ ಬೈಂಡು ನೋಡಿ ಮೋಸ ಹೋಗುವವರು ಬಹಳ. ಚಿನ್ನದ ಚಿತ್ರ ಒತ್ತಿದ ಅದೇ ನೀಲಿ ಬಟ್ಟೆ ಎಷ್ಟೋ ವರ್ಷ ಮುಂದುವರಿಯಿತು. ಶೀರ್ಷಿಕೆ ಪುಟದ ಇಸವಿ ನೋಡಿ, ತಿರುವಿ ಅದರ ಬೆನ್ನಿನ ಪುಟ ನೋಡಿ. ಮರುಮುದ್ರಣವಾದರೆ ತಿಂಗಳು, ವರ್ಷಗಳ ಪಟ್ಟಿ ಅಲ್ಲಿರುತ್ತದೆ. ಆಮೇಲೆ ಸರಣಿಯ ಜಾಹೀರಾತು ಪುಟ ಹುಡುಕಿ. 1889 ಎಂದು ಹೇಳುವ ಪ್ರತಿಯ ಜಾಹೀರಾತಿನಲ್ಲಿ ಹಳದಿ ಪುಸ್ತಕದ ಹೆಸರಿದ್ದರೆ ಅದು 1894ಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ.

ಮೈಸೂರು ಓದುಗ

ಫೋಟೋ ಪ್ರತಿ ಮಾಡಿ ಅಂಟಿಸಿದ ನಕಲಿ ಚಿತ್ರಗಳನ್ನು ಗುರುತಿಸುವುದು ಹೇಗೆ ಸರ್? 40ಕ್ಕೆ 40 ಎಣಿಕೆ ಸರಿ ಬಂದರೂ ಅವುಗಳಲ್ಲಿ ಎರಡು ಲೇಸರ್ ಪ್ರಿಂಟ್ ಆಗಿದ್ದರೆ?

ಮಸಿಕುಡಿಕೆ

10 ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ಚಿನಿವಾರರು ಹರಳು ನೋಡುವ ಲೂಪ್ ಸಿಕ್ಕರೆ ಇನ್ನೂ ಒಳ್ಳೆಯದು. ಕಣ್ಣಿಗೆ ಒತ್ತಿ ಹಿಡಿದು, ಪುಸ್ತಕವನ್ನು ಎರಡೂವರೆ ಸೆಂಟಿಮೀಟರ್ ಹತ್ತಿರಕ್ಕೆ ತನ್ನಿ, ಪಕ್ಕದಿಂದ ಬೆಳಕು ಬೀಳಲಿ.

ರ್‍ಯಾಕ್‌ಹ್ಯಾಮ್, ಡ್ಯುಲಾಕ್ ಕಾಲದ ಬಣ್ಣದ ಚಿತ್ರ ಮೂರು ಬಣ್ಣದ ಹಾಫ್‌ಟೋನ್, ಅಂದರೆ ಸಣ್ಣ ಚುಕ್ಕೆಗಳಿಂದ ಮೂಡಿಸಿದ ಅಚ್ಚು. ಹಳದಿ, ಕೆಂಪು, ನೀಲಿ ಚುಕ್ಕೆಗಳು ಮಾತ್ರ, ಕಪ್ಪು ಬಣ್ಣಕ್ಕೆಂದು ಅಚ್ಚಿನ ತಗಡು ಬೇರೆ ಇಲ್ಲ. ರ್‍ಯಾಕ್‌ಹ್ಯಾಮ್‌ನ ಮರದ ಬೇರಿನ ಕರಿ ಗೆರೆಯನ್ನು ಭೂತಗನ್ನಡಿಯಲ್ಲಿ ನೋಡಿ: ಬರಿಗಣ್ಣಿಗೆ ಮಸಿಯಂತೆ ಕಾಣುವ ಗೆರೆ ಒಳಗೆ ಮೂರು ಬಣ್ಣದ ಚುಕ್ಕೆಗಳ ಗುಂಪಾಗಿ ಒಡೆಯುತ್ತದೆ, ಅಂಚಿನಲ್ಲಿ ನೀಲಿಯೋ ಕೆಂಪೋ ಒಂದು ಕೂದಲಿನಷ್ಟು ಹೊರಗೆ ಚಾಚಿರುತ್ತದೆ. ಅಚ್ಚಿನ ಮೂರು ತಗಡುಗಳು ಕರಾರುವಾಕ್ಕಾಗಿ ಕೂರದ ಗುರುತು ಅದು. ನೀಲ್ಸನ್‌ನ 1914ರ ಪುಸ್ತಕ ಇದಕ್ಕೆ ಅಪವಾದ, ಅದರಲ್ಲಿ ನಾಲ್ಕು ಬಣ್ಣದ ವಿಧಾನ ಬಳಸಿದ್ದಾರೆ. ಅವನ ರಾತ್ರಿಯ ಆಕಾಶ ಅಷ್ಟು ಗಟ್ಟಿ ಕಪ್ಪಾಗಿ ಕೂತಿರುವುದಕ್ಕೆ ಅದೂ ಒಂದು ಕಾರಣ.

ಲೇಸರ್ ಪ್ರಿಂಟಿನಲ್ಲಿ ಬಣ್ಣ ಕಾಗದದ ಮೇಲೆ ಪುಡಿಯಾಗಿ ಕೂತಿರುತ್ತದೆ, ಓರೆ ಬೆಳಕಿನಲ್ಲಿ ಪ್ಲಾಸ್ಟಿಕ್ಕಿನಂತೆ ಮಿರುಗುತ್ತದೆ, ಬಿಳಿ ಜಾಗದಲ್ಲೂ ಪುಡಿ ಚದುರಿರುತ್ತದೆ. ಇಂಕ್‌ಜೆಟ್ಟಿನಲ್ಲಿ ಸಾಲುಚುಕ್ಕೆ ಇಲ್ಲ, ಮಂಜಿನಂತೆ ಸಿಂಪಡಿಸಿದ ಹನಿಗಳು. ಸ್ಕ್ಯಾನ್ ಮಾಡಿ ಮತ್ತೆ ಆಫ್‌ಸೆಟ್ಟಿನಲ್ಲಿ ಅಚ್ಚು ಹಾಕಿದ್ದಾದರೆ ಹಳೆ ಚುಕ್ಕೆಗಳ ಮೇಲೆ ಹೊಸ ಚುಕ್ಕೆಗಳ ಜಾಲ ಕೂತು, ಅಲೆ ಅಲೆಯಾದ ವಿನ್ಯಾಸ ಏಳುತ್ತದೆ. ಚಿತ್ರದ ಬೆನ್ನು ಕೂಡ ನೋಡಿ. ಹಳೆ ಆರ್ಟ್ ಪೇಪರ್ ಅಂಚಿನಲ್ಲಿ ಕೆನೆಬಣ್ಣಕ್ಕೆ ತಿರುಗಿರುತ್ತದೆ. ಉಳಿದ 38 ಚಿತ್ರಗಳ ಬೆನ್ನಿಗಿಂತ ಎರಡರ ಬೆನ್ನು ಬೆಳ್ಳಗಿದ್ದರೆ ವಿಚಾರಿಸಬೇಕು.

ಫ್ರಾಂಕ್‌ಫರ್ಟ್ ಕನ್ನಡತಿ

ಚರ್ಚೆ ಪೂರ್ತಿ ಲಂಡನ್ ಕಡೆಗೆ ವಾಲಿದೆ. ಗ್ರಿಮ್ ಸೋದರರ ಊರಿನ ಕಡೆಯ ಪುಸ್ತಕಗಳೂ ಇವೆ, ಅಗ್ಗವಾಗಿಯೂ ಸಿಗುತ್ತವೆ, ಭಾರತದಲ್ಲಿ ಕೂತು ತರಿಸುವವರು ಇವನ್ನು ಗಮನಿಸಬೇಕು.

ಒಟ್ಟೊ ಉಬ್ಬೆಲೋಡೆ ಚಿತ್ರಿಸಿದ ಮೂರು ಸಂಪುಟದ ಗ್ರಿಮ್, ಲೈಪ್‌ಜಿಗ್, 1907–1909. ನಾನೂರಕ್ಕೂ ಹೆಚ್ಚು ಪೆನ್ನಿನ ಚಿತ್ರಗಳು, ಎಲ್ಲ ಕಪ್ಪು ಬಿಳುಪು, ಕಥೆಯ ಪುಟದಲ್ಲೇ ಅಚ್ಚಾದವು. ಅಂಟಿಸಿದ ಚಿತ್ರವೇ ಇಲ್ಲದ್ದರಿಂದ ಉದುರುವ ಭಯವಿಲ್ಲ. ಅವನು ಮಾರ್ಬುರ್ಗ್ ಹತ್ತಿರದವನು. ಚಿತ್ರಗಳಲ್ಲಿನ ಮನೆ, ಬೆಟ್ಟ, ಹೆಂಗಸರ ಉಡುಪು ಎಲ್ಲ ಹೆಸ್ಸೆ ಸೀಮೆಯದೇ. ಇನ್ನೊಬ್ಬ ಹೆರ್ಮಾನ್ ಫೋಗೆಲ್, ಮ್ಯೂನಿಕ್‌ನ ಬ್ರೌನ್ ಅಂಡ್ ಶ್ನೈಡರ್, 1894. ಪುಟದ ಅಂಚಿನಲ್ಲಿ ಕುಳ್ಳರು, ಬಳ್ಳಿಗಳು ತುಂಬಿಕೊಂಡಿರುವ ಪುಸ್ತಕ.

ಜರ್ಮನ್ ಮಾರಾಟಗಾರರ ವಿವರಣೆಯಲ್ಲಿ ಈ ಪದಗಳನ್ನು ಹುಡುಕಿ. 'ಶ್ಟೋಕ್‌ಫ್ಲೆಕಿಗ್' ಅಂದರೆ ಕಂದು ಚುಕ್ಕೆ ಬಿದ್ದಿದೆ. 'ಬೆರೀಬೆನ್' ಅಂದರೆ ಮೇಲ್ಮೈ ಉಜ್ಜಿ ಸವೆದಿದೆ. 'ಓನೆ ಯಾರ್' ಅಂದರೆ ಪುಸ್ತಕದಲ್ಲಿ ಇಸವಿ ಇಲ್ಲ, ವಿವರಣೆಯಲ್ಲಿರುವುದು ಅವರ ಅಂದಾಜು. 'ಟಾಫೆಲ್ನ್' ಅಂದರೆ ಪ್ರತ್ಯೇಕ ಚಿತ್ರಪುಟಗಳು. 'ಫೇಲ್ಟ್' ಆ ಸಾಲಿನಲ್ಲಿ ಬಂದರೆ ಏನೋ ಕಾಣೆಯಾಗಿದೆ ಎಂದೇ, ಕೊಳ್ಳುವ ಮುನ್ನ ಕೇಳಿ. ಒಳಗಿನ ಅಕ್ಷರ ಫ್ರಾಕ್ಟುರ್ ಲಿಪಿ. ಎರಡು ದಿನ ಕೂತರೆ ಓದಲು ಬರುತ್ತದೆ. ಉದ್ದ 'ಎಸ್' ನೋಡಲು 'ಎಫ್'ನಂತೆ, 'ಕೆ' ನೋಡಲು 'ಟಿ'ಯಂತೆ ಇರುತ್ತದೆ ಅನ್ನುವುದೊಂದೇ ಗೊಂದಲ.

ಹಳೆಪುಟ

ಕನ್ನಡತಿ ಮೇಡಂ, ಗ್ರಿಮ್ ಎಂದ ಮೇಲೆ ಒಂದು ಸಣ್ಣ ಗುರುತನ್ನು ಸೇರಿಸಲೇಬೇಕು. 1823ರಲ್ಲಿ ಲಂಡನ್ನಿನ ಬಾಲ್ಡ್‌ವಿನ್ ತಂದ ಎಡ್ಗರ್ ಟೇಲರ್‌ನ ಅನುವಾದ, ಜಾರ್ಜ್ ಕ್ರೂಕ್‌ಶ್ಯಾಂಕ್‌ನ ತಾಮ್ರದ ತಗಡಿನ ಚಿತ್ರಗಳು. ಇಂಗ್ಲಿಷಿನಲ್ಲಿ ಗ್ರಿಮ್ ಮೊದಲು ಬಂದದ್ದು ಹೀಗೆ. ಎರಡನೇ ಸಂಪುಟ 1826. ಮೊದಲ ಸಂಪುಟದ ಶೀರ್ಷಿಕೆ ಪುಟದಲ್ಲಿ ಜರ್ಮನ್ ಹೆಸರೂ ಇದೆ. ಅದರಲ್ಲಿನ 'ಮೇರ್ಷೆನ್' (ಕಥೆಗಳು) ಪದದ 'ಎ' ಅಕ್ಷರದ ಮೇಲೆ ಎರಡು ಚುಕ್ಕೆ ಇರಬೇಕು. ಮೊಟ್ಟಮೊದಲು ಹೊರಬಂದ ಪ್ರತಿಗಳಲ್ಲಿ ಆ ಚುಕ್ಕೆಗಳು ಬಿಟ್ಟುಹೋಗಿವೆ, ಆಮೇಲಿನವುಗಳಲ್ಲಿ ತಿದ್ದಿದ್ದಾರೆ. ಸಾಸಿವೆ ಕಾಳಿಗಿಂತ ಚಿಕ್ಕ ಆ ಎರಡು ಚುಕ್ಕೆಗಳ ಮೇಲೆ ಬೆಲೆ ನಿಂತಿದೆ.

ಇದನ್ನು ಹಾಟನ್ ಪ್ರಕಾಶನದ ಮರುಮುದ್ರಣದ ಜತೆ ಗೊಂದಲ ಮಾಡಿಕೊಳ್ಳಬೇಡಿ. ಅದು 1868ರ ಸುಮಾರಿನದು, ಜಾನ್ ರಸ್ಕಿನ್‌ನ ಮುನ್ನುಡಿ ಇದೆ, ಚಿತ್ರಗಳು ಮೂಲ ತಗಡಿನವಲ್ಲ, ಮರಳಿ ಕೊರೆದವು. ಓದಲು ಒಳ್ಳೆಯ ಪುಸ್ತಕವೇ. 1823ರ ಬೆಲೆ ಕೊಡಬಾರದು ಅಷ್ಟೇ.

ರಟ್ಟು-ದಾರ

ಫ್ರೆಂಚ್ ಕಡೆ ಒಂದು ಮಾತು. ಗುಸ್ತಾವ್ ದೊರೆ ಚಿತ್ರಿಸಿದ ಪೆರೊನ ಕಥೆಗಳು, ಪ್ಯಾರಿಸ್‌ನ ಎಟ್ಜೆಲ್, 1862. ತೊಡೆಯ ಮೇಲೆ ಇಟ್ಟು ಓದಲಾಗದಷ್ಟು ದೊಡ್ಡ ಪುಸ್ತಕ. ಚಿತ್ರಗಳು ಮರದ ಅಚ್ಚಿನವು; ದೊರೆ ಚಿತ್ರ ಬರೆದ, ಕೊರೆದವರು ಬೇರೆ. ಕೆಳಮೂಲೆಯಲ್ಲಿ ಒಂದು ಕಡೆ ಅವನ ಸಹಿ, ಇನ್ನೊಂದು ಕಡೆ ಪನ್ನೆಮಾಕರ್, ಪಿಸಾನ್ ಮೊದಲಾದ ಕೊರೆತಗಾರರ ಸಹಿ. ಈ ಮರದ ಅಚ್ಚುಗಳಿಂದ ಲೋಹದ ಪ್ರತಿ ತೆಗೆದು ಬೇರೆ ದೇಶಗಳ ಪ್ರಕಾಶಕರಿಗೂ ಮಾರುತ್ತಿದ್ದರು. ಹಾಗಾಗಿ ಅದೇ ಚಿತ್ರ ಹತ್ತು ಪುಸ್ತಕದಲ್ಲಿ ಕಾಣುತ್ತದೆ. ತೋಳ ಅಜ್ಜಿಯ ಹಾಸಿಗೆಯಲ್ಲಿ ಮಲಗಿರುವ ಚಿತ್ರದಲ್ಲಿ ದಿಂಬಿನ ನೆರಳಿನ ಸಣ್ಣ ಗೆರೆಗಳನ್ನು ನೋಡಿ. ಒಳ್ಳೆಯ ಅಚ್ಚಿನಲ್ಲಿ ಗೆರೆ ಗೆರೆ ಬಿಡಿಯಾಗಿ ನಿಂತಿರುತ್ತದೆ. ಸವೆದ ಲೋಹದ ಅಚ್ಚಿನಲ್ಲಿ ಮಸಿ ತುಂಬಿ ಗೆರೆಗಳು ಕೂಡಿಕೊಂಡು ಕಪ್ಪು ತೇಪೆಯಾಗಿರುತ್ತದೆ.

ಕೆಂಪು ಕಪಾಟು

ರಷ್ಯನ್ ಪುಸ್ತಕಗಳನ್ನು ಯಾರೂ ಎತ್ತಿಲ್ಲವಲ್ಲ! ಇವಾನ್ ಬಿಲಿಬಿನ್‌ನ ಜನಪದ ಕಥೆಗಳ ಪುಸ್ತಿಕೆಗಳು 1901–1903ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ಸರ್ಕಾರದ ನೋಟು, ದಸ್ತಾವೇಜು ಅಚ್ಚು ಹಾಕುತ್ತಿದ್ದ ಮುದ್ರಣಾಲಯದಲ್ಲೇ ಅಚ್ಚಾದವು. ಆರು ಪುಸ್ತಿಕೆ, ತಲಾ 12 ಪುಟ, ಸುಮಾರು 32.5 × 25.5 ಸೆಂಟಿಮೀಟರ್. ಬಣ್ಣಗಳೆಲ್ಲ ಕಲ್ಲಚ್ಚು. ಭೂತಗನ್ನಡಿಯಲ್ಲಿ ಸಾಲುಚುಕ್ಕೆ ಕಾಣುವುದಿಲ್ಲ, ಒಂದೊಂದು ಬಣ್ಣವೂ ಸಪಾಟಾಗಿ ಹರಡಿರುತ್ತದೆ, ಕಪ್ಪು ಗೆರೆ ಮಸಿಯಲ್ಲಿ ಎಳೆದಂತೆ ಅಖಂಡ.

ಅದೇ ಮುದ್ರಣಾಲಯದ ಉತ್ತರಾಧಿಕಾರಿ ಗೋಜ್ನಾಕ್ ಸೋವಿಯತ್ ಕಾಲದಲ್ಲಿ ಇವನ್ನು ಮರುಮುದ್ರಿಸಿತು. ಒಂದೇ ನೋಟಕ್ಕೆ ಬೇರ್ಪಡಿಸಲು ಅಕ್ಷರ ನೋಡಿ. 1918ರಲ್ಲಿ ರಷ್ಯನ್ ಕಾಗುಣಿತ ಬದಲಾಯಿತು. ಅದಕ್ಕೂ ಹಿಂದೆ ವ್ಯಂಜನದಿಂದ ಮುಗಿಯುವ ಪದಗಳ ಕೊನೆಯಲ್ಲೆಲ್ಲ 'ಗಟ್ಟಿ ಚಿಹ್ನೆ' ಎಂಬ ಉಚ್ಚಾರವಿಲ್ಲದ ಅಕ್ಷರ ಇರುತ್ತಿತ್ತು, ಆಮೇಲೆ ಆ ಜಾಗದಲ್ಲಿ ಅದು ಹೋಯಿತು. ರಷ್ಯನ್ ಬಾರದವರೂ ಪುಟದಲ್ಲಿ ಪದಗಳ ತುದಿ ನೋಡಿ ಹೇಳಬಹುದು. ಆದರೆ ಎಚ್ಚರ: ಹಳೆ ಪುಟವನ್ನೇ ಫೋಟೋ ತೆಗೆದು ಅಚ್ಚು ಹಾಕಿದ ಇತ್ತೀಚಿನ ಪ್ರತಿರೂಪ ಮುದ್ರಣದಲ್ಲಿ ಹಳೆ ಕಾಗುಣಿತವೇ ಉಳಿದಿರುತ್ತದೆ. ಅಲ್ಲಿ ಭೂತಗನ್ನಡಿಯೇ ಗತಿ.

ಮಾಸ್ಕೋದ ಪ್ರಗತಿ, ರಾದುಗ ಪ್ರಕಾಶನಗಳ ಕನ್ನಡ ಪುಸ್ತಕಗಳು ನವಕರ್ನಾಟಕದ ಮೂಲಕ ನಮ್ಮ ಊರೂರಿಗೆ ಬಂದಿದ್ದವು. ಅವುಗಳಲ್ಲಿನ ಮಕ್ಕಳ ಸಚಿತ್ರ ಪುಸ್ತಕಗಳನ್ನು ಈಗಲೇ ಯಾರಾದರೂ ಕ್ರಮವಾಗಿ ಸಂಗ್ರಹಿಸಬೇಕು. ಇನ್ನೂ ನೂರು ವರ್ಷ ಆಗಿಲ್ಲ ಎಂದು ಬಿಟ್ಟರೆ ನೂರು ವರ್ಷ ಆಗುವಾಗ ಇರುವುದಿಲ್ಲ. ಪಿನ್ ಹೊಡೆದ ತೆಳು ಪುಸ್ತಿಕೆಗಳಲ್ಲಿ ಮೊದಲು ತುಕ್ಕು ಹಿಡಿಯುವುದು ಪಿನ್ನು, ಅದರ ಸುತ್ತ ಕಾಗದ ಕಂದಾಗಿ ಹರಿಯುತ್ತದೆ. ಪಿನ್ನಿನ ಕಾಲುಗಳನ್ನು ಒಳಗಿನಿಂದ ಚಪ್ಪಟೆ ಅಲಗಿನಿಂದ ಮೆಲ್ಲಗೆ ನೇರ ಮಾಡಿ, ಹಿಂದಿನಿಂದ ತೆಗೆದು, ಅದೇ ತೂತುಗಳಲ್ಲಿ ಹತ್ತಿ ದಾರ ಹೊಲಿಯಿರಿ.

ಕರಾವಳಿ ಕಪಾಟು

ಮಂಗಳೂರು ಕಡೆಯ ಮಳೆಗಾಲಕ್ಕೆ ಏನು ಮಾಡುವುದು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೋಣೆಯೊಳಗೇ ತೇವಾಂಶ 85ರ ಮೇಲೆ. ಸಿಲಿಕಾ ಜೆಲ್ ಪೊಟ್ಟಣ ಇಟ್ಟರೂ ಬೂಷ್ಟು ಹಿಡಿಯುತ್ತದೆ ಎನ್ನುತ್ತಾರೆ.

ರಟ್ಟು-ದಾರ

ಪೊಟ್ಟಣದ ಪ್ರಮಾಣ ಸಾಲದು, ಅದಕ್ಕೇ. ಶೂ ಡಬ್ಬದಲ್ಲಿ ಬರುವ 5 ಗ್ರಾಂ ಪೊಟ್ಟಣ ಕಪಾಟಿಗೆ ಏನೂ ಮಾಡುವುದಿಲ್ಲ. ವಸ್ತುಸಂಗ್ರಹಾಲಯಗಳಲ್ಲಿ ಹಿಡಿಯುವ ಹಳೆಯ ಲೆಕ್ಕ ಒಂದು ಘನ ಮೀಟರಿಗೆ 20 ಕಿಲೋ. ಅಂದರೆ 100 ಲೀಟರಿನ, ಬಿಗಿ ಮುಚ್ಚಳದ ಪೆಟ್ಟಿಗೆಗೆ 2 ಕಿಲೋ. ಬಾಗಿಲ ಸಂದಿಯಿಂದ ಗಾಳಿ ಆಡುವ ಮರದ ಕಪಾಟಿನಲ್ಲಿ ಎಷ್ಟು ಇಟ್ಟರೂ ವ್ಯರ್ಥ. ಮಳೆಗಾಲಕ್ಕೆ ಮಾತ್ರ ಪುಸ್ತಕಗಳನ್ನು ರಬ್ಬರ್ ಅಂಚಿನ ಪೆಟ್ಟಿಗೆಗೆ ಸಾಗಿಸಿ.

ಗುರಿ 45ರಿಂದ 55 ಶೇಕಡ. 65 ದಾಟಿ ಕೆಲವು ದಿನ ನಿಂತರೆ ಬೂಷ್ಟು ಏಳುತ್ತದೆ. ತೀರ ಒಣಗಿಸಿದರೂ ಕೆಡುಕು. ಮತ್ತೆ ಬಳಸಲೆಂದು ಒಣಗಿಸಿ ಓವನ್ನಿನಿಂದ ಆಗತಾನೇ ತೆಗೆದ ಜೆಲ್, ಪೆಟ್ಟಿಗೆಯ ತೇವಾಂಶವನ್ನು 30ಕ್ಕೂ ಕೆಳಗೆ ಇಳಿಸಬಲ್ಲದು, ರಟ್ಟು ಬಿಲ್ಲಿನಂತೆ ಬಾಗುತ್ತದೆ. ಚರ್ಮಪತ್ರದ, ಅಂದರೆ ವೆಲ್ಲಮ್ ಬೈಂಡು ಇದ್ದರಂತೂ ಮೊದಲು ಬಾಗುವುದು ಅದೇ, ಯಾಕೆಂದರೆ ಅದು ಹದ ಮಾಡದ ತೊಗಲು, ತೇವಕ್ಕೆ ಹಿಗ್ಗಿ ಒಣಗಿದರೆ ಕುಗ್ಗುತ್ತದೆ. 1909ರ ಗ್ರಿಮ್‌ನ ಸಹಿ ಹಾಕಿದ 750 ಪ್ರತಿಗಳು, 1914ರ ನೀಲ್ಸನ್‌ನ 500 ಪ್ರತಿಗಳು ವೆಲ್ಲಮ್ಮಿನವು. ಕಟ್ಟಲು ರೇಷ್ಮೆ ಪಟ್ಟಿ ಕೊಡುತ್ತಿದ್ದದ್ದು ಚಂದಕ್ಕಷ್ಟೇ ಅಲ್ಲ, ರಟ್ಟು ಬಾಗದಂತೆ ಹಿಡಿಯಲು.

ತೇವಮಾಪಕವನ್ನು ನಂಬುವ ಮುನ್ನ ಪರೀಕ್ಷಿಸಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ಹಾಕಿ. ಅದನ್ನೂ ಮಾಪಕವನ್ನೂ ಜಿಪ್ ಕವರಿನಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟು 12 ತಾಸು ಬಿಡಿ. 75 ತೋರಿಸಬೇಕು. 81 ತೋರಿಸಿದರೆ ಮುಂದೆ ಓದುವಾಗಲೆಲ್ಲ 6 ಕಳೆಯಿರಿ.

ನೀಲಿಬೈಂಡು

ನುಸಿ ಗುಳಿಗೆ ಬೇಡ ಎಂಬುದನ್ನೂ ಹೇಳಿಬಿಡಿ. ಅದರ ಆವಿ ಪ್ಲಾಸ್ಟಿಕ್ ಹೊದಿಕೆಯನ್ನು ಮೆದುಗೊಳಿಸುತ್ತದೆ, ಮನೆಯವರ ಆರೋಗ್ಯಕ್ಕೂ ಕೆಟ್ಟದ್ದು, ಬೂಷ್ಟನ್ನು ತಡೆಯುವುದೂ ಇಲ್ಲ. ಹುಳು ಕಂಡರೆ ಪುಸ್ತಕವನ್ನು ಜಿಪ್ ಕವರಿನಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಮನೆ ಫ್ರೀಜರಿನಲ್ಲಿ ಮೈನಸ್ 18ರಿಂದ 20 ಡಿಗ್ರಿಯಲ್ಲಿ ಎರಡು ವಾರ. ಹೊರತೆಗೆದ ಮೇಲೆ ಕವರು ಬಿಚ್ಚದೆ 24 ತಾಸು ಬಿಡಬೇಕು. ಬೇಗ ಬಿಚ್ಚಿದರೆ ತಣ್ಣನೆಯ ಹಾಳೆಯ ಮೇಲೆ ನೀರು ಕಟ್ಟುತ್ತದೆ.

ಮಸಿಕುಡಿಕೆ

ಆ ನೀರು ಆರ್ಟ್ ಪೇಪರಿಗೆ ಯಮ. ಆ ಕಾಗದದ ಹೊಳಪು ಜೇಡಿಮಣ್ಣು ಮತ್ತು ಅಂಟಿನ ಲೇಪದಿಂದ ಬಂದದ್ದು. ಒದ್ದೆಯಾದರೆ ಲೇಪ ಕರಗಿ ಎದುರಿನ ಹಾಳೆಗೆ ಅಂಟುತ್ತದೆ; ಹಾಗೇ ಒಣಗಿದರೆ ಎರಡೂ ಒಂದು ಹಲಗೆಯಾಗುತ್ತವೆ, ಆಮೇಲೆ ಬಿಡಿಸಲು ಆಗುವುದಿಲ್ಲ. ಮಳೆನೀರು ಸೋರಿ ಒದ್ದೆಯಾದರೆ ಬಿಸಿಲಿಗೆ ಇಡಬೇಡಿ. ಇನ್ನೂ ಒದ್ದೆ ಇರುವಾಗಲೇ ಪ್ರತಿ ಚಿತ್ರದ ನಡುವೆ ಬೆಣ್ಣೆಕಾಗದ ಇಟ್ಟು ಫ್ಯಾನ್ ಗಾಳಿಗೆ ಬಿಡಿ. ಅಷ್ಟು ಪುರುಸೊತ್ತಿಲ್ಲದಿದ್ದರೆ ಒದ್ದೆಯಾಗಿಯೇ ಕವರಿನಲ್ಲಿ ಹಾಕಿ ಫ್ರೀಜರಿಗೆ ಸೇರಿಸಿ. ಹೆಪ್ಪುಗಟ್ಟಿದರೆ ಅಂಟುವುದು ನಿಲ್ಲುತ್ತದೆ, ಪರಿಣತರ ಕೈಗೆ ಮುಟ್ಟಿಸಲು ಸಮಯ ಸಿಗುತ್ತದೆ.

ಮೈಸೂರು ಓದುಗ

ಉದುರಿದ ಚಿತ್ರವನ್ನು ಮತ್ತೆ ಅಂಟಿಸಲು ಬೈಂಡರ್ ಅಂಗಡಿಯ ಮೈದಾ ಗೋಂದು ನಡೆಯುತ್ತದೆಯೇ?

ರಟ್ಟು-ದಾರ

ಬೇಡ. ಅದರಲ್ಲಿ ಹುಳು ಬಾರದಿರಲೆಂದು ಮೈಲುತುತ್ತ ಹಾಕುವ ರೂಢಿ ಇದೆ. ತಾಮ್ರದ ಆ ಉಪ್ಪು ಕಾಗದವನ್ನು ಒಳಗಿನಿಂದ ಕೊಳೆಸುತ್ತದೆ, ಕೆಲವು ವರ್ಷದಲ್ಲಿ ಗೋಂದು ತಾಗಿದ ಗೆರೆಯಲ್ಲೇ ಹಾಳೆ ಮುರಿಯುತ್ತದೆ. ಮೈದಾದಲ್ಲಿನ ಅಂಟುಸಾರವೂ ಹುಳುವಿಗೆ ಪ್ರಿಯ. ಫೆವಿಕಾಲ್ ಹಾಕಿದರೆ ಮುಂದೆ ಯಾರಿಂದಲೂ ಬಿಡಿಸಲಾಗದು.

ಬೇಕಾದ್ದು ಗೋಧಿಯ ಶುದ್ಧ ಪಿಷ್ಟ. ಒಂದು ಚಮಚ ಪಿಷ್ಟಕ್ಕೆ ಐದು ಚಮಚ ನೀರು. ಅರ್ಧ ಗಂಟೆ ನೆನೆಹಾಕಿ, ಸಣ್ಣ ಉರಿಯಲ್ಲಿ ಬಿಡದೆ ಕೈಯಾಡಿಸುತ್ತ 20–25 ನಿಮಿಷ ಬೇಯಿಸಿ. ಹಾಲಿನ ಬಿಳುಪು ಹೋಗಿ ಗಂಜಿಯಂತೆ ಪಾರದರ್ಶಕವಾಗಬೇಕು. ಆಗದೆ ಇಳಿಸಿದರೆ ಹಿಡಿತ ಬರುವುದಿಲ್ಲ. ತಣಿದ ಮೇಲೆ ಸಣ್ಣ ಜರಡಿಯಲ್ಲಿ ಎರಡು ಸಲ ಒತ್ತಿ ಗಂಟು ತೆಗೆಯಿರಿ. ಆರ್ಟ್ ಪೇಪರಿಗೆ ಗಟ್ಟಿ ಮೊಸರಿನ ಹದವೇ ಇರಲಿ. ತೆಳುವಾದರೆ ನೀರು ಹೀರಿಕೊಂಡು ಚಿತ್ರದ ಮೇಲಂಚು ನಿರಿಗೆ ಬೀಳುತ್ತದೆ. ಫ್ರಿಜ್ಜಿನಲ್ಲಿ ಐದಾರು ದಿನ ಬರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ.

ಚಿತ್ರವನ್ನು ಬೋರಲು ಹಾಕಿ, ಮೇಲಂಚಿನಲ್ಲಿ 3 ಮಿಲಿಮೀಟರ್ ಬಿಟ್ಟು ಉಳಿದದ್ದನ್ನು ರದ್ದಿ ಕಾಗದದಿಂದ ಮುಚ್ಚಿ, ಆ ಪಟ್ಟಿಗೆ ಮಾತ್ರ ಗೋಂದು ಸವರಿ. ಕಂದು ಹಾಳೆಯ ಮೇಲಿನ ಹಳೆ ಚೌಕಕ್ಕೆ ಸರಿಯಾಗಿ ಕೂರಿಸಿ, ಮೇಲೆ ಬೆಣ್ಣೆಕಾಗದ, ಅದರ ಮೇಲೆ ಒತ್ತುಕಾಗದ, ಆಮೇಲೆ ಒಂದು ಕಿಲೋ ತೂಕ, ಒಂದು ತಾಸು. ನಾಲ್ಕೂ ಅಂಚಿಗೆ ಹಚ್ಚುವ ಆಸೆ ಬೇಡವೇ ಬೇಡ. ಎರಡು ಕಾಗದಗಳು ತೇವಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ನಾಲ್ಕೂ ಕಡೆ ಕಟ್ಟಿಹಾಕಿದರೆ ಚಿತ್ರ ನಡುವೆ ಉಬ್ಬಿ ಬಿರಿಯುತ್ತದೆ.

ಕೆಂಪು ಕಪಾಟು

ಕಾಣೆಯಾದ ಒಂದು ಚಿತ್ರಕ್ಕಾಗಿ ಬಿಡಿ ಚಿತ್ರ ಕೊಂಡು ಸೇರಿಸಬಹುದೇ? ಆನ್‌ಲೈನಿನಲ್ಲಿ ರ್‍ಯಾಕ್‌ಹ್ಯಾಮ್‌ನ ಮೂಲ ಚಿತ್ರಪುಟಗಳನ್ನು ಒಂದೊಂದಾಗಿ ಮಾರುತ್ತಾರೆ.

ಹಳೆಪುಟ

ಆ ಬಿಡಿ ಚಿತ್ರಗಳು ಎಲ್ಲಿಂದ ಬರುತ್ತವೆ ಎಂದು ಯೋಚಿಸಿ. ಇಡೀ ಪುಸ್ತಕ ಮಾರಿದರೆ ಬರುವುದಕ್ಕಿಂತ ನಲವತ್ತು ಚಿತ್ರಗಳನ್ನು ಬಿಡಿಬಿಡಿಯಾಗಿ ಚೌಕಟ್ಟು ಹಾಕಿ ಮಾರಿದರೆ ಹೆಚ್ಚು ಹಣ ಬರುತ್ತದೆಂದು ಪುಸ್ತಕ ಒಡೆಯುತ್ತಾರೆ. ನಾವು ಕೊಂಡಷ್ಟೂ ಒಡೆಯುತ್ತಾರೆ. ನಾನು ಕೊಳ್ಳಬೇಡಿ ಎನ್ನುವವನು.

ನೀಲಿಬೈಂಡು

ನಾನು ಅಷ್ಟು ಕಟ್ಟುನಿಟ್ಟು ಅಲ್ಲ. ರಟ್ಟು ಹೋಗಿ, ಗೆದ್ದಲು ತಿಂದು, ಅರ್ಧ ಉಳಿದ ಪ್ರತಿಯಿಂದ ಬಂದ ಚಿತ್ರ ಇನ್ನೊಂದು ಪ್ರತಿಯನ್ನು ಪೂರ್ತಿ ಮಾಡಿದರೆ ತಪ್ಪಿಲ್ಲ. ಷರತ್ತು ಎರಡು. ಅದೇ ವರ್ಷದ ಅದೇ ಮುದ್ರಣದ ಚಿತ್ರವೇ ಆಗಬೇಕು; 1920ರ 'ಸ್ನೋಡ್ರಾಪ್'ನಿಂದ ತೆಗೆದು 1909ಕ್ಕೆ ಸೇರಿಸಬಾರದು. ಮತ್ತು ಸೇರಿಸಿದ್ದನ್ನು ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡಬೇಕು: ಯಾವ ಪುಟದ ಎದುರಿನ ಚಿತ್ರ, ಯಾವಾಗ. ಮುಂದೆ ಕೊಳ್ಳುವವರಿಗೆ ಅದು ತಿಳಿಯುವ ಹಕ್ಕಿದೆ.

ಹಳೆಪುಟ

ಪೆನ್ಸಿಲ್ ಟಿಪ್ಪಣಿಯ ಮಾತನ್ನು ಒಪ್ಪುತ್ತೇನೆ. ಕೊಳ್ಳುವ ಮಾತನ್ನು ಒಪ್ಪಲಾರೆ.

ಫ್ರಾಂಕ್‌ಫರ್ಟ್ ಕನ್ನಡತಿ

ತರಿಸುವವರಿಗೆ ಪ್ಯಾಕಿಂಗ್ ಬಗ್ಗೆ. ಮಾರುವವರಿಗೆ ಮೊದಲೇ ಬರೆಯಿರಿ: ಉದುರಿದ ಚಿತ್ರಗಳಿದ್ದರೆ ಅವನ್ನು ಪುಸ್ತಕದೊಳಗೆ ಹಾಗೇ ಬಿಡಬೇಡಿ, ಎರಡು ರಟ್ಟಿನ ನಡುವೆ ಬೇರೆ ಕವರಿನಲ್ಲಿಡಿ. ಪುಸ್ತಕಕ್ಕೆ ಮೊದಲು ತೆಳು ಕಾಗದ, ಮೇಲೆ ಪ್ಲಾಸ್ಟಿಕ್, ಆಮೇಲೆ ಗುಳ್ಳೆಹಾಳೆ. ಗುಳ್ಳೆಹಾಳೆ ನೇರವಾಗಿ ಬಟ್ಟೆ ಬೈಂಡಿಗೆ ತಾಗಿ ವಾರಗಟ್ಟಲೆ ಕೂತರೆ ಗುಳ್ಳೆಗಳ ದುಂಡು ಗುರುತು ಬೀಳುತ್ತದೆ. ಪೆಟ್ಟಿಗೆಯ ನಾಲ್ಕೂ ಕಡೆ 5 ಸೆಂಟಿಮೀಟರ್ ತುಂಬುವಿಕೆ ಇರಲಿ. ಮೂಲೆ ಜಜ್ಜುವುದು ಅಲ್ಲೇ.

ಭಾರತದಲ್ಲಿ 2019ರ ಬಜೆಟ್ಟಿನಲ್ಲಿ ಆಮದು ಪುಸ್ತಕಗಳ ಮೇಲೆ 5 ಶೇಕಡ ಸುಂಕ ತಂದರು. ತರಿಸುವ ದಿನದ ದರ ನೋಡಿಕೊಳ್ಳಿ, ಕೊರಿಯರ್‌ನವರ ಕೈಚಾರ್ಜು ಬೇರೆ. ಘೋಷಣಾ ಪತ್ರದಲ್ಲಿ 'ಮುದ್ರಿತ ಪುಸ್ತಕ', ಇಸವಿ, ಕೊಟ್ಟ ನಿಜವಾದ ಬೆಲೆ ಬರೆಸಿ.

ಮಸಿಕುಡಿಕೆ

ತಿರುಗಿ ಕಳಿಸುವ ಮಾತು ಬಂದಾಗ ಒಂದು ವಿಷಯ ನೆನಪಿರಲಿ. 1972ರ ಪುರಾವಸ್ತು ಕಾಯಿದೆಯಲ್ಲಿ ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳನ್ನು ದೇಶದ ಹೊರಗೆ ಖಾಸಗಿಯಾಗಿ ಕಳಿಸುವಂತಿಲ್ಲ. ತರಿಸಿದ ಹಳೆ ಪುಸ್ತಕವನ್ನು ಮರಳಿ ಕಳಿಸಬೇಕಾದರೆ ಮೊದಲು ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸಿ, ಆಮದಿನ ಕಾಗದಪತ್ರ ಎಸೆಯದೆ ಇಟ್ಟುಕೊಳ್ಳಿ. ಇದಕ್ಕೇ ಎಣಿಕೆ, ಫೋಟೋ ಎಲ್ಲ ಕೊಳ್ಳುವ ಮೊದಲೇ ಮುಗಿಯಬೇಕು.

ಕರಾವಳಿ ಕಪಾಟು

ಹಸಿರು ಬಟ್ಟೆಯ ಹಳೆ ಪುಸ್ತಕದಲ್ಲಿ ಪಾಷಾಣ ಇರುತ್ತದೆ ಎನ್ನುವುದು ನಿಜವೇ? ಲ್ಯಾಂಗ್‌ನ ಹಸಿರು ಪುಸ್ತಕ ಮಕ್ಕಳ ಕೈಗೆ ಕೊಡಬಹುದೇ?

ರಟ್ಟು-ದಾರ

ನಿಜ. ಆರ್ಸೆನಿಕ್ ಇರುವ ಪಚ್ಚೆ ಬಣ್ಣದ ಬೈಂಡಿಂಗ್ ಬಟ್ಟೆ ಹೆಚ್ಚಾಗಿ 1840ರಿಂದ 1860ರ ದಶಕಗಳದ್ದು. ಅಮೆರಿಕದ ವಿಂಟರ್‌ಟೂರ್ ವಸ್ತುಸಂಗ್ರಹಾಲಯದವರು 2019ರಿಂದ ಇದನ್ನು ಪರೀಕ್ಷಿಸಿ ಪಟ್ಟಿ ಮಾಡುತ್ತಿದ್ದಾರೆ. ಲ್ಯಾಂಗ್‌ನ ಹಸಿರು ಪುಸ್ತಕ 1892ರದು, ಆ ಕಾಲ ದಾಟಿದ ಮೇಲಿನದು. ಆದರೂ ಪರೀಕ್ಷೆ ಮಾಡಿಸದೆ ಹಳೆ ಹಸಿರು ಬಟ್ಟೆಯನ್ನು ಮಕ್ಕಳ ಕೈಗೆ ಕೊಡುವುದು ಬೇಡ, ಓದಲು ಮರುಮುದ್ರಣ ಕೊಡಿ. 1870ಕ್ಕೂ ಹಿಂದಿನ, ಕಣ್ಣು ಕುಕ್ಕುವ ಗಿಳಿಹಸಿರಿನ ಪುಸ್ತಕ ಬಂದರೆ ನೈಟ್ರೈಲ್ ಕೈಗವಸು ಹಾಕಿ ಮುಟ್ಟಿ, ಜಿಪ್ ಕವರಿನಲ್ಲಿಡಿ, ಇಟ್ಟ ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನು ಎಸೆಯಿರಿ. ಬೇರೆ ಪುಸ್ತಕಗಳಿಗೆ ಗವಸು ಬೇಡ. ಹತ್ತಿಯ ಬಿಳಿ ಗವಸಿನಲ್ಲಿ ಬೆರಳಿಗೆ ಹಾಳೆಯ ಅಂಚು ತಿಳಿಯದೆ ಹರಿಯುತ್ತದೆ. ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿದ ಕೈ ಸಾಕು.

ಮೈಸೂರು ಓದುಗ

ಕೊನೆಯದಾಗಿ ಒಂದು: ಪುಸ್ತಕ ಕೈಗೆ ಬಂದ ದಿನ ಎಷ್ಟು ಅಗಲ ಬಿಚ್ಚಬಹುದು? 1909ರ ಗ್ರಿಮ್ ತೀರ ದಪ್ಪ.

ನೀಲಿಬೈಂಡು

ಪೂರ್ತಿ ಮಲಗಿಸಬೇಡಿ. ಎರಡು ಟವೆಲ್ ಸುತ್ತಿ ಎಡಬಲ ರಟ್ಟಿನ ಕೆಳಗೆ ಕೊಡಿ, 100ರಿಂದ 120 ಡಿಗ್ರಿಗಿಂತ ಹೆಚ್ಚು ತೆರೆಯದಂತೆ. ನಡುವಿನಿಂದ ಧಡಕ್ಕನೆ ತೆರೆಯದೆ ಮುಂದಿನಿಂದ ಹತ್ತು ಹಾಳೆ, ಹಿಂದಿನಿಂದ ಹತ್ತು ಹಾಳೆ ಹೀಗೆ ನಡುವಿಗೆ ಬನ್ನಿ. ಚಿತ್ರ ಬಂದಾಗ ಮೊದಲು ರಕ್ಷಾಹಾಳೆಯ ಮೇಲಿನ ಮೂಲೆ ಎತ್ತಿ, ಚಿತ್ರದ ಕೆಳಮೂಲೆ ಮಡಚಿಕೊಂಡಿದೆಯೇ ನೋಡಿ, ಆಮೇಲೆ ತಿರುವಿ. ಕೆಳಗಡೆ ಅಂಟಿಲ್ಲದ ಆ ಮೂಲೆ ಮಡಚಿ ಮುರಿಯುವುದು ಸಾಮಾನ್ಯವಾಗಿ ಎಣಿಸಲು ಅವಸರ ಮಾಡಿದಾಗಲೇ.